ಉಡುಪಿಯ ಸೀರೆಯೂ ಮೀನುಗಾರನ ಕೋಟೂ

ಆಟಿಯ ಮಳೆಯಲ್ಲಿ ಮಲ್ಪೆಯ ಬಂದರನ್ನು ಕಾಣದವರು ಮಲ್ಪೆಯನ್ನು ಅರ್ಧವೇ ಕಂಡವರು. ಜೂನ್, ಜುಲೈ ಎರಡು ತಿಂಗಳು ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ದಕ್ಕೆಯ ಉದ್ದಕ್ಕೂ ಮೈಗೆ ಮೈ ತಾಗಿಸಿಕೊಂಡು ತೂಗುತ್ತ ನಿಂತಿರುತ್ತವೆ. ಬಲೆಗೆ ಹೊಲಿಗೆ ಹಾಕುವವರು, ಬಣ್ಣ ಬಳಿಯುವವರು, ಏನೂ ಮಾಡದೆ ಬೀಡಿ ಸೇದುವವರು ಹೀಗೆ ಅಲ್ಲಿ ಒಂದು ಬೇರೆಯೇ ಸಂಸಾರ ಕೂಡಿರುತ್ತದೆ. ಅಂಥ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನನ್ನೊಡನೆ ದಕ್ಕೆಗೆ ಬಂದಿದ್ದ. ಇಂಗ್ಲೆಂಡಿನಲ್ಲಿ ನೌಕರಿಯಲ್ಲಿರುವ ಹುಡುಗ. ಮೈಮೇಲೆ ಪಾಚಿಬಣ್ಣದ ಒಂದು ಕೋಟು; ಮುಟ್ಟಿದರೆ ಮೇಣದ ಜಿಡ್ಡು, ಮೂಸಿದರೆ ಎಣ್ಣೆಯ ವಾಸನೆ. ಅದಕ್ಕೆ ಕೊಟ್ಟ ಬೆಲೆಯನ್ನು ಅವನು ಹೇಳಿದಾಗ ಬಲೆ ಹೊಲಿಯುತ್ತಿದ್ದ ಹಿರಿಯರೊಬ್ಬರು ತಲೆಯೆತ್ತಿ, "ಇದು ನಮ್ಮ ಎಣ್ಣೆಬಟ್ಟೆಯೇ ಅಲ್ಲವೋ ಮಗಾ?" ಎಂದು ನಕ್ಕುಬಿಟ್ಟರು.

ಅವರ ನಗೆಯಲ್ಲಿ ಚರಿತ್ರೆಯಿತ್ತು. ಆ ಕೋಟಿನ ಹೆಸರು ಬಾರ್ಬರ್. 1894ರಲ್ಲಿ ಜಾನ್ ಬಾರ್ಬರ್ ಎಂಬ ಸ್ಕಾಟ್‌ಲೆಂಡಿನವನು ಈಶಾನ್ಯ ಇಂಗ್ಲೆಂಡಿನ ಸೌತ್ ಶೀಲ್ಡ್ಸ್ ಎಂಬ ಬಂದರಿನಲ್ಲಿ ಅಂಗಡಿ ತೆರೆದು, ಕಡಲಿಗೆ ಹೋಗುವ ನಾವಿಕರಿಗೆ, ಮೀನುಗಾರರಿಗೆ, ಹಡಗುಕಟ್ಟೆಯ ಕೂಲಿಗಳಿಗೆ ಎಣ್ಣೆಬಟ್ಟೆಯ ಅಂಗಿಗಳನ್ನು ಮಾರತೊಡಗಿದ. ಎಂದರೆ ಅದು ಅವರ ಗೊರಬು. 1980ರ ದಶಕದಲ್ಲಿ ಆ ಮನೆತನದ ಸೊಸೆ ಮಾರ್ಗರೆಟ್ ಬಾರ್ಬರ್ ಅದಕ್ಕೆ ಹೊಸ ಹೊಲಿಗೆ ಕೊಟ್ಟು, ಪೇಟೆಯವರೂ ತೊಡುವಂತೆ ಮಾಡಿದರು. ರಾಜಮನೆತನದವರು ತೊಟ್ಟರು, ಈಗ ನಮ್ಮ ಹುಡುಗನೂ ತೊಟ್ಟಿದ್ದಾನೆ. ಹಳೆಯ ಕೋಟನ್ನು ಕಾರಖಾನೆಗೆ ಕಳುಹಿಸಿದರೆ ಹರಿದಲ್ಲಿ ತೇಪೆ ಹಾಕಿ, ಮೇಣ ಬಳಿದು ಹಿಂದಕ್ಕೆ ಕೊಡುತ್ತಾರಂತೆ.

"ಸಾರ್, ನಮ್ಮ ಕಡೆಯ ಇಂಥದ್ದೊಂದು ಬಟ್ಟೆ ಯಾಕೆ ಹೀಗೆ ಮೇಲೆ ಬರಲಿಲ್ಲ?" ಎಂದು ಅವನು ಕೇಳಿದ. ಮಳೆ ಜೋರಾಯಿತು, ಉತ್ತರ ಕೊಡುವುದು ತಪ್ಪಿತು. ಆ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆಗೂ ಅಂಥದ್ದೊಂದು ಬಟ್ಟೆ ಇದೆ. ಅದು ಉಡುಪಿ ಸೀರೆ. ಅದರ ಕತೆಯನ್ನು ಹೇಳಬೇಕಾದರೆ ಮೊದಲು ಹೆಂಚಿನ ಕತೆ ಹೇಳಬೇಕಾಗುತ್ತದೆ. ಮಲ್ಪೆಯ ಹಳೆಯ ಮನೆಗಳ ಮಾಡು ಬಿಚ್ಚುವಾಗ ಹೆಂಚಿನ ಬೆನ್ನಿನ ಮೇಲೆ ಬಾಸೆಲ್ ಮಿಶನ್ನಿನ ಇಂಗ್ಲಿಷ್ ಅಚ್ಚು ಕಾಣಿಸುವುದುಂಟು. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಈ ಸಂಸ್ಥೆಯ ಮೊದಲ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಅಲ್ಲಿ ಹೆಂಚಿನ ಕಾರಖಾನೆ ಆರಂಭಿಸಿದ; 1886ರಲ್ಲಿ ಮಲ್ಪೆಯಲ್ಲಿಯೂ ಒಂದು ಆಯಿತು. ಕನ್ನಡ ಪಾಠ ಹೇಳುವ ನನ್ನಂಥವರಿಗೆ ಬಾಸೆಲ್ ಮಿಶನ್ ಎಂದರೆ 1843ರ 'ಮಂಗಳೂರ ಸಮಾಚಾರ', ಮೋಗ್ಲಿಂಗ್, ಮತ್ತು ಕಿಟ್ಟೆಲರ ನಿಘಂಟು. ಆ ನಿಘಂಟು ಅಚ್ಚಾಗಿ ಹೊರಬಂದದ್ದೂ ಬಾರ್ಬರನು ಅಂಗಡಿ ತೆರೆದ 1894ರಲ್ಲಿಯೇ ಎಂಬುದು ಬರಿಯ ಕಾಕತಾಳೀಯವಾದರೂ ನನಗೆ ಹಿತವಾಗಿ ಕಂಡಿತು. ಇರಲಿ. ಆದರೆ ಊರಿನ ಬಡವರಿಗೆ ಮಿಶನ್ ಎಂದರೆ ಹೆಚ್ಚಾಗಿ ಹೆಂಚು ಮತ್ತು ಬಟ್ಟೆ. ಮತಾಂತರ ಹೊಂದಿದವರಿಗೆ ಹಿಂದಿನ ಕಸಬು, ಗೇಣಿಯ ಭೂಮಿ, ನೆರೆಕರೆಯ ಆಸರೆ ಎಲ್ಲವೂ ತಪ್ಪುತ್ತಿದ್ದುದರಿಂದ ಅವರ ಹೊಟ್ಟೆಗೊಂದು ದಾರಿ ಮಾಡಬೇಕಾಗಿತ್ತು. ನೇಯ್ಗೆ ಹುಟ್ಟಿದ್ದು ಆ ಹಸಿವೆಯಿಂದ.

1851ರಲ್ಲಿ ಜಾನ್ ಹಾಲರ್ ಎಂಬ ನೇಯ್ಗೆ ಬಲ್ಲ ಮಿಶನರಿ ಮಂಗಳೂರಿಗೆ ಬಂದ. ಅವನ ಆಡಳಿತದಲ್ಲಿ ಚೌಕಟ್ಟಿನ ಮಗ್ಗ, ಹಾರುವ ಲಾಳಿ, ಬಣ್ಣದ ಮನೆ ಇವೆಲ್ಲ ಬಲ್ಮಠದಲ್ಲಿ ಆದವು. ಹಾರುವ ಲಾಳಿ ಇಂಗ್ಲೆಂಡಿನ ಜಾನ್ ಕೇ 1733ರಲ್ಲಿ ಕಂಡುಹಿಡಿದದ್ದು. ನೇಯುವವನು ಲಾಳಿಯನ್ನು ಈ ಕೈಯಿಂದ ಆ ಕೈಗೆ ಎಸೆಯುವ ಬದಲು ಒಂದು ಹಗ್ಗವನ್ನು ಜಗ್ಗಿದರೆ ಸಾಕು, ಅದು ತಾನೇ ಅತ್ತಿಂದಿತ್ತ ಓಡುತ್ತದೆ. ಕೆಲಸ ಬೇಗ, ಬಟ್ಟೆ ಅಗಲ. ಚೌಕಟ್ಟಿನ ಮಗ್ಗವಂತೂ ನಮ್ಮ ಕರಾವಳಿಗಾಗಿಯೇ ಆದ ಹಾಗೆ ಇದೆ. ಬಯಲುಸೀಮೆಯ ನೇಕಾರನು ನೆಲದಲ್ಲಿ ಕುಣಿ ತೋಡಿ ಅದರಲ್ಲಿ ಕಾಲಿಟ್ಟು ಕೂತು ನೇಯುತ್ತಾನೆ. ಇಲ್ಲಿ ಆಟಿಯಲ್ಲಿ ಕುಣಿ ತೋಡಿದರೆ ಮೊಣಕಾಲಿಗೆ ನೀರು ಬಂದೀತು! ನೆಲದ ಮೇಲೆ ನಿಲ್ಲುವ ಈ ಮಗ್ಗಕ್ಕೆ ಮಲಬಾರ್ ಮಗ್ಗ ಎಂಬ ಹೆಸರು ನಿಂತಿತು.

ಖಾಕಿಯ ಮಾತನ್ನೂ ಇಲ್ಲಿ ಹೇಳಿ ಮುಗಿಸುತ್ತೇನೆ. ಖಾಕಿ ಬಟ್ಟೆ ಹುಟ್ಟಿದ್ದು ಬಲ್ಮಠದಲ್ಲಿ, ಅದನ್ನು ಕಂಡುಹಿಡಿದವನು ಹಾಲರ್, ದಂಡನಾಯಕ ಲಾರ್ಡ್ ರಾಬರ್ಟ್ಸ್ ಅದನ್ನು ನೋಡಿ ಸೈನ್ಯಕ್ಕೆಲ್ಲ ಒಪ್ಪಿಸಿದ ಎಂದು ನಮ್ಮ ಜಿಲ್ಲೆಯಲ್ಲಿ ಅಭಿಮಾನದಿಂದ ಹೇಳುತ್ತಾರೆ. ನಾನೂ ತರಗತಿಯಲ್ಲಿ ಕೆಲವು ಕಾಲ ಹೀಗೆಯೇ ಹೇಳಿದ್ದೆ. ಆದರೆ ಖಾಕ್ ಎಂದರೆ ಪಾರಸಿಯಲ್ಲಿ ಧೂಳು. ಹ್ಯಾರಿ ಲಮ್ಸ್‌ಡನ್ ಎಂಬ ಅಧಿಕಾರಿ ಪೇಶಾವರದಲ್ಲಿ 1846ರಲ್ಲಿ ಕಟ್ಟಿದ ಗೈಡ್ಸ್ ದಳದವರು ಹಾಲರ್ ಬರುವ ಮೊದಲೇ ಆ ಧೂಳುಬಣ್ಣವನ್ನು ತೊಟ್ಟಿದ್ದರು. ಆದುದರಿಂದ ಬಣ್ಣದ ಹುಟ್ಟು ನಮ್ಮಲ್ಲಿಯೇ ಎಂಬುದು ನಿಲ್ಲುವ ಮಾತಲ್ಲ. ಬಲ್ಮಠದ ಬಣ್ಣದ ಮನೆಯಲ್ಲಿ ಒಳ್ಳೆಯ ಖಾಕಿ ತಯಾರಾಗಿ ಹೆಸರು ಪಡೆಯಿತು ಎನ್ನಬಹುದು. ಅಷ್ಟು ಹೆಮ್ಮೆ ಸಾಲದೇ? ಇಲ್ಲದ ಹಿರಿಮೆಯನ್ನು ಹೊದಿಸಿದರೆ ಇರುವ ಹಿರಿಮೆಯೂ ಮರೆಯಾಗುತ್ತದೆ.

ನಿಜವಾದ ಹಿರಿಮೆ ಬೇರೆಡೆ ಇದೆ. ಮಿಶನ್ನಿನ ಮಗ್ಗ ಮಿಶನ್ನಿನ ಶೆಡ್ಡಿನೊಳಗೇ ಉಳಿಯಲಿಲ್ಲ. ತಲೆಮಾರುಗಳಿಂದ ನೇಯ್ಗೆಯೇ ಕಸಬಾಗಿದ್ದ ಪದ್ಮಶಾಲಿ ಶೆಟ್ಟಿಗಾರರ ಜಗಲಿಗಳಿಗೆ ಅದು ಬಂದಿತು. ಉಡುಪಿಯ ಕಿನ್ನಿಮುಲ್ಕಿ, ಕಲ್ಯಾಣಪುರ ಮೊದಲಾದ ಕಡೆಗಳಲ್ಲಿರುವ ಅವರ ವೀರಭದ್ರ ದೇವಸ್ಥಾನಗಳನ್ನು ಕಂಡವರಿಗೆ, ಈ ಕಡಲತೀರದಲ್ಲಿ ಒಂದು ಕಾಲಕ್ಕೆ ನೇಕಾರರ ಕೇರಿಗಳು ಎಷ್ಟು ಒತ್ತಾಗಿದ್ದಿರಬೇಕೆಂಬುದು ಹೊಳೆಯುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನರ ಸಂಬಂಧವಿತ್ತೆಂದು ಮಿಶನ್ನಿನ ಉದ್ಯಮಗಳನ್ನು ಸರಕಾರ ವಶಪಡಿಸಿಕೊಂಡು, 1919ರಲ್ಲಿ ಹುಟ್ಟಿದ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪೆನಿಗೆ ಕೊಟ್ಟಿತು. ಒಡೆಯರು ಬದಲಾದರು. ಶೆಟ್ಟಿಗಾರರ ಜಗಲಿಯ ಮಗ್ಗ ಮಾತ್ರ ಯಾವ ಒಡೆಯನನ್ನೂ ಕೇಳದೆ ಸದ್ದು ಮಾಡುತ್ತಲೇ ಇತ್ತು.

ಆ ಮಗ್ಗದ ಮೇಲೆ ಬೆಳೆದದ್ದು ಉಡುಪಿ ಸೀರೆ. ನೂಲು 60 ಇಲ್ಲವೆ 80ನೇ ನಂಬರಿನ ಹತ್ತಿ. ಮೈ ಒಂದೇ ಬಣ್ಣ ಅಥವಾ ಸಣ್ಣ ಚೌಕುಳಿ, ಅಂಚು ಅದಕ್ಕೆ ಎದುರಾಗುವ ಬಣ್ಣ, ಅಷ್ಟೆ. ಒಳಹೊರಗು ಎರಡೂ ಒಂದೇ. ಅದರ ಗುಟ್ಟು ಗಂಜಿಯಲ್ಲಿದೆ. ಮಗ್ಗದ ಮೇಲೆ ಹಾಸು ಬಿಗಿದ ಮೇಲೆ ನೇಕಾರನು ಸ್ವಲ್ಪ ಸ್ವಲ್ಪ ಭಾಗಕ್ಕೆ ಕೈಯಿಂದಲೇ ಅಕ್ಕಿಗಂಜಿ ಸವರಿ, ಎಳೆಗೆ ಎಳೆ ಅಂಟದಂತೆ ಬಿಡಿಸಿ, ಒಣಗುವವರೆಗೆ ಕಾದು, ಆಮೇಲೆ ನೇಯುತ್ತಾನೆ. ಮಳೆಗಾಲದಲ್ಲಿ ಆ ಕಾಯುವಿಕೆ ಎಷ್ಟು ಉದ್ದವೆಂಬುದನ್ನು ಅವನೇ ಹೇಳಬೇಕು. ಹಾಸು ಹೊಕ್ಕು ಎಂಬ ಮಾತನ್ನು ನಾವು ಭಾಷಣಗಳಲ್ಲಿ ಸುಲಭವಾಗಿ ಬಳಸುತ್ತೇವೆ: ಸಂಸ್ಕೃತಿ ಜೀವನದಲ್ಲಿ ಹಾಸುಹೊಕ್ಕಾಗಿದೆ, ಇತ್ಯಾದಿ. ಆ ಮಾತು ನೇಕಾರನ ಮನೆಯದೆಂಬುದು ಎಷ್ಟು ಜನ ಭಾಷಣಕಾರರಿಗೆ ನೆನಪಿದೆಯೋ ತಿಳಿಯದು. ಜೇಡರ ದಾಸಿಮಯ್ಯನನ್ನು ಪಾಠ ಹೇಳುವ ನಾನು ಮೂವತ್ತು ದಾಟುವವರೆಗೂ ಒಂದು ಮಗ್ಗವನ್ನು ಹತ್ತಿರದಿಂದ ನೋಡಿರಲಿಲ್ಲ. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ನನ್ನ ತಾಯಿ ಶಾಲೆಯ ಟೀಚರು. 1980ರ ದಶಕದಲ್ಲಿ, ನಾನು ಚಿಕ್ಕವನಾಗಿದ್ದಾಗ, ಅವರು ಶಾಲೆಗೆ ಉಡುವುದೆಲ್ಲ ಉಡುಪಿ ಸೀರೆಯೇ. ಸೆಕೆಗೆ ಹಿತ, ಒಗೆದಷ್ಟೂ ಮೆದು, ಬೆಲೆ ಟೀಚರ ಸಂಬಳಕ್ಕೆ ಎಟಕುವಂಥದು. ಹಳತಾದ ಸೀರೆ ತಂಗಿಯ ತೊಟ್ಟಿಲಾಯಿತು. ಆಮೇಲೆ ಹಾಸುವ ಕವುದಿಯ ಹೊಟ್ಟೆ ಸೇರಿತು. ಕಡೆಗೆ ಒಲೆಯ ಪಾತ್ರೆ ಇಳಿಸುವ ಮಸಿಬಟ್ಟೆಯಾಯಿತು. ಬಟ್ಟೆಯ ಚರಿತ್ರೆ ಬರೆಯಹೊರಟವನಿಗೆ ಇರುವ ಕಷ್ಟ ಇದೇ. ಹೆಂಚು ನೂರು ವರ್ಷ ಮಾಡಿನ ಮೇಲೆ ಕೂತು ಬೆನ್ನಮೇಲಿನ ಅಚ್ಚನ್ನು ತೋರಿಸುತ್ತದೆ. ಒಳ್ಳೆಯ ಸೀರೆಯಾದರೋ ಉಪಯೋಗಕ್ಕೆ ಬಂದು ಬಂದೇ ಇಲ್ಲವಾಗುತ್ತದೆ, ನೇಯ್ದವನ ಹೆಸರನ್ನು ಎಲ್ಲಿಯೂ ಬಿಡದೆ.

ಕ್ಷೀಣದಶೆ ಬಂದದ್ದು ಹೇಗೆಂಬುದನ್ನು ಉದ್ದಕ್ಕೆ ಹೇಳಬೇಕಾಗಿಲ್ಲ. ದೇಶದ ಎಲ್ಲ ಮಗ್ಗಗಳ ಕತೆಯೂ ಅದೇ. ವಿದ್ಯುತ್ ಮಗ್ಗ ಬಂದಿತು, ಇಸ್ತ್ರಿ ಬೇಡದ ನೈಲಾನ್, ಪಾಲಿಯೆಸ್ಟರ್ ಬಂದಿತು. ಕೈಮಗ್ಗಕ್ಕೆಂದೇ ಕೆಲವು ಬಟ್ಟೆಗಳನ್ನು ಮೀಸಲಿಟ್ಟ 1985ರ ಕಾಯಿದೆ ಇದೆ. ಆದರೆ ಕಾಯಿದೆಯ ಪುಸ್ತಕ ಬೇರೆ, ಜವಳಿ ಅಂಗಡಿಯ ಕಪಾಟು ಬೇರೆ. ನಮ್ಮ ಕರಾವಳಿಯಲ್ಲಿ ಇನ್ನೊಂದು ಕಾರಣವೂ ಸೇರಿತು. ಇಲ್ಲಿಯ ಹುಡುಗನಿಗೆ ಮುಂಬಯಿಯ ಹೊಟೇಲು, ಬ್ಯಾಂಕು, ಕೊಲ್ಲಿ ದೇಶ ಹೀಗೆ ಊರು ಬಿಡುವ ದಾರಿಗಳು ಎಷ್ಟೋ ಇದ್ದವು. ಅಪ್ಪ ದಿನವಿಡೀ ತುಳಿದು ಗಳಿಸುವುದನ್ನು ಕಣ್ಣಾರೆ ಕಂಡ ಮಗ ಆ ದಾರಿ ಹಿಡಿದನೆಂದರೆ ಅವನನ್ನು ಯಾರು ದೂರಬೇಕು? 2018ರ ಸುಮಾರಿಗೆ ಉಡುಪಿ, ದಕ್ಷಿಣ ಕನ್ನಡ ಎರಡು ಜಿಲ್ಲೆ ಸೇರಿ ಉಡುಪಿ ಸೀರೆ ನೇಯುವವರು ಐವತ್ತಕ್ಕಿಂತ ಕಡಮೆ. ಅವರಲ್ಲಿ ಹೆಚ್ಚಿನವರು ವಯಸ್ಸಾದವರು.

ವಿನೋದವೆಂದರೆ, ಸೀರೆ ಸಾಯುತ್ತಿದ್ದಾಗಲೂ ಹೆಸರು ಗಟ್ಟಿಯಾಗಿಯೇ ಇತ್ತು. ಕೆಲವು ವರ್ಷಗಳ ಹಿಂದೆ ಒಂದು ಪೇಟೆಯ ಅಂಗಡಿಯಲ್ಲಿ ತಾಯಿಗೆಂದು ಒಂದು ಉಡುಪಿ ಸೀರೆ ಕೊಂಡೆ. ತಾಯಿ ಅದರ ಅಂಚನ್ನು ಎರಡು ಬೆರಳಿನ ನಡುವೆ ಹಿಡಿದು ನೋಡಿ, "ಇದು ಯಂತ್ರದ್ದು ಮಾರಾಯಾ, ಗಂಜಿಯೇ ಕಂಡದ್ದಲ್ಲ" ಎಂದು ಮಡಚಿ ಬದಿಗಿಟ್ಟರು. ಎಂ.ಎ. ಓದಿದ ಮಗನಿಗಿಂತ ಅವರ ಬೆರಳು ಹೆಚ್ಚು ಓದಿತ್ತು.

2016ರಲ್ಲಿ ಉಡುಪಿ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಬಂದಿತು. ಮಲ್ಪೆಯಿಂದ ಕಾಪುವಿಗೆ ಕಡಲ ಬದಿಯಲ್ಲಿಯೇ ಹೋದರೆ ಸಿಗುವ ಮಟ್ಟುವಿನ ಗುಳ್ಳಕ್ಕೆ 2011ರಲ್ಲಿಯೇ ಆ ಗೌರವ ಸಿಕ್ಕಿತ್ತು. ಬದನೆಯ ಹಿಂದೆ ಸೀರೆ ನಡೆಯಿತು. ಆದರೆ ಕಾಗದದ ಮಾನ್ಯತೆಯಿಂದ ಲಾಳಿ ಓಡುವುದಿಲ್ಲ. ಓಡಿಸುವ ಪ್ರಯತ್ನ ಮಾಡಿದವರಲ್ಲಿ ಮುಖ್ಯರು ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸೇವಾ ಸಹಕಾರಿ ಸಂಘದವರು ಮತ್ತು ಕಾರ್ಕಳದ ಕದಿಕೆ ಟ್ರಸ್ಟಿನವರು. ಉಡುಪಿ ಸೀರೆ ದಕ್ಷಿಣ ಕನ್ನಡದ ಕಿನ್ನಿಗೋಳಿಯಲ್ಲಿ ಹೇಗೆ ಎಂದು ಕೇಳುವವರಿದ್ದಾರೆ. ಜಿಲ್ಲೆ ಎರಡಾದದ್ದು 1997ರಲ್ಲಿ. ಸೀರೆಗೆ ಆ ಗಡಿ ಗೊತ್ತಿಲ್ಲ.

ಅವರು ಮಾಡಿದ್ದರಲ್ಲಿ ನನಗೆ ಮೆಚ್ಚಿಗೆಯಾದದ್ದು ಮೂರು ಮಾತು. ಅಡಿಕೆ ಬೇಯಿಸಿದ ಚೊಗರಿನಿಂದ ನೂಲಿಗೆ ಬಣ್ಣ ಕೊಟ್ಟದ್ದು ಒಂದು. ನಮ್ಮ ತೋಟದವರು ಕೈಗೆ ಹತ್ತಿದರೆ ವಾರಗಟ್ಟಲೆ ತಿಕ್ಕುವ ಆ ಕಂದುಕೆಂಪು ಸೀರೆಯ ಮೇಲೆ ಎಷ್ಟು ಗಂಭೀರವಾಗಿ ಕಾಣುತ್ತದೆಂಬುದನ್ನು ನೋಡಿಯೇ ತಿಳಿಯಬೇಕು. ಕಸಬನ್ನು ಹೊಸಬರಿಗೆ ಕಲಿಸತೊಡಗಿದ್ದು ಇನ್ನೊಂದು. ಕಲಿಯಬಂದವರಲ್ಲಿ ಹೆಂಗುಸರೂ ಇದ್ದಾರೆ. ಮೂರನೆಯದು ಎಲ್ಲಕ್ಕಿಂತ ಸಣ್ಣದಾಗಿ ತೋರುವ ದೊಡ್ಡ ಕೆಲಸ: ತಾಯಿಯನ್ನು ಸಮಾಧಾನಪಡಿಸಲೆಂದು ನಾನು ಅಲ್ಲಿಂದ ತಂದ ಸೀರೆಯ ಜೊತೆಯಲ್ಲಿ ಅದನ್ನು ನೇಯ್ದವರ ಹೆಸರಿತ್ತು. ಹೆಂಚಿಗೆ 1886ರಲ್ಲಿಯೇ ದೊರೆತ ಭಾಗ್ಯ, ಅದೂ ಕಂಪೆನಿಯ ಹೆಸರಿನದು, ಸೀರೆಗೆ ಈಗ ದೊರೆಯಿತು. ಅದೂ ಮನುಷ್ಯನ ಹೆಸರಾಗಿ.

ಇಷ್ಟಾದರೂ ನನ್ನ ಮನಸ್ಸಿನಲ್ಲಿ ಒಂದು ಅಂಜಿಕೆ ಉಳಿದಿದೆ. ಅದಕ್ಕೆ ಕಾರಣ ಮತ್ತೆ ಬ್ರಿಟನ್ನಿನ ಉದಾಹರಣೆಗಳೇ.

ಮೇಲೆ ಖಾಕಿಯ ಮಾತು ಬಂತಷ್ಟೆ. ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ಬ್ರಿಟಿಷ್ ಅಧಿಕಾರಿಗಳು ತೊಟ್ಟ ಖಾಕಿ ಮಳೆಕೋಟಿನಿಂದ ಹೆಸರಾದದ್ದು ಬರ್ಬೆರಿ ಕಂಪೆನಿ. 1856ರಲ್ಲಿ ಥಾಮಸ್ ಬರ್ಬೆರಿ ಸ್ಥಾಪಿಸಿದ್ದು. ನೀರಿಳಿಯದ ಗ್ಯಾಬರ್ಡಿನ್ ಬಟ್ಟೆಗೆ 1888ರಲ್ಲಿ ಹಕ್ಕುಪತ್ರ ಪಡೆದದ್ದು. ಇಪ್ಪತ್ತನೆಯ ಶತಮಾನದ ಕೊನೆಗೆ ಮಂಕಾಗಿದ್ದ ಆ ಹೆಸರನ್ನು ಹೊಸ ಆಡಳಿತದವರು ಮತ್ತೆ ಹೊಳೆಯಿಸಿದರು, ಜಗತ್ತಿನಾದ್ಯಂತ ಅಂಗಡಿಗಳಾದವು. ಆ ಹೊಳಪಿನ ನಡುವೆಯೇ, 2007ರಲ್ಲಿ, ವೇಲ್ಸಿನ ಟ್ರಿಯೋರ್ಕಿ ಎಂಬ ಊರಿನ ಕಾರಖಾನೆಯನ್ನು ಮುಚ್ಚಿದರು. ಸುಮಾರು 300 ಜನ ಕೆಲಸ ಕಳೆದುಕೊಂಡರು. ಹೆಸರು ಎದ್ದು ನಿಂತಿತು. ಹೊಲಿದ ಕೈ ಬಿದ್ದಿತು. ಬಾರ್ಬರಿನವರಾದರೂ ತಮ್ಮ ಮೇಣದ ಕೋಟುಗಳನ್ನು ಇಂದಿಗೂ ಅದೇ ಸೌತ್ ಶೀಲ್ಡ್ಸಿನಲ್ಲಿ ಹೊಲಿಸುತ್ತಾರೆ. ಎರಡನ್ನೂ ಜನ ಬ್ರಿಟನ್ನಿನ ಹಳೆಯ ಹೆಸರುಗಳ ಮರುಹುಟ್ಟು ಎಂದೇ ಕರೆಯುತ್ತಾರೆ.

ನಮಗೆ ಹೆಚ್ಚು ಹತ್ತಿರದ ಪಾಠ ಹ್ಯಾರಿಸ್ ಟ್ವೀಡಿನದು. ಸ್ಕಾಟ್‌ಲೆಂಡಿನ ಪಶ್ಚಿಮಕ್ಕೆ, ಗಾಳಿಮಳೆಯ ಹೆಬ್ರಿಡೀಸ್ ದ್ವೀಪಗಳಲ್ಲಿ ರೈತರೂ ಮೀನುಗಾರರೂ ತಮಗಾಗಿ ನೇಯ್ದುಕೊಳ್ಳುತ್ತಿದ್ದ ದಪ್ಪ ಉಣ್ಣೆಬಟ್ಟೆ ಅದು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅಲ್ಲಿನ ಜಮೀನ್ದಾರಿಣಿ ಲೇಡಿ ಡನ್ಮೋರ್ ಅದನ್ನು ಲಂಡನ್ನಿನ ಶ್ರೀಮಂತರ ಮೈಗೆ ಏರಿಸಿದಳು. ಹೆಸರು ಬಂದೊಡನೆ ನಕಲಿಯೂ ಬಂದಿತು. ಅದಕ್ಕಾಗಿ 1909ರಲ್ಲಿ ಸಂಘ ಕಟ್ಟಿ, ಗೋಲದ ಮೇಲೆ ಶಿಲುಬೆಯಿರುವ ಮುದ್ರೆಯೊಂದನ್ನು ಗೊತ್ತುಮಾಡಿದರು. 1993ರಲ್ಲಿ ಪಾರ್ಲಿಮೆಂಟೇ ಕಾಯಿದೆ ಮಾಡಿತು: ದ್ವೀಪವಾಸಿಯು ತನ್ನ ಮನೆಯಲ್ಲಿಯೇ ಕೈಯಿಂದ ನೇಯ್ದದ್ದಾಗಬೇಕು, ಉಣ್ಣೆಗೆ ಬಣ್ಣ ಹಾಕಿದ್ದೂ ನೂತದ್ದೂ ಆ ದ್ವೀಪಗಳಲ್ಲಿಯೇ ಆಗಬೇಕು. ನೋಡಿ, ಆ ಕಾಯಿದೆ ಬಟ್ಟೆಯನ್ನು ವರ್ಣಿಸುವುದಕ್ಕಿಂತ ಹೆಚ್ಚಾಗಿ ನೇಯುವವನ ಮನೆಯನ್ನು ವರ್ಣಿಸುತ್ತದೆ. ಮನೆಯಿಲ್ಲದೆ ಹೆಸರಿಲ್ಲ.

ಇಷ್ಟು ಭದ್ರವಾದ ಕೋಟೆಯೊಳಗೂ ಆಪತ್ತು ಬಂದಿತು. 2006ರಲ್ಲಿ ಯಾರ್ಕ್‌ಶೈರಿನ ಉದ್ಯಮಿಯೊಬ್ಬ ಅಲ್ಲಿಯ ದೊಡ್ಡ ಮಿಲ್ಲನ್ನು ಕೊಂಡು, ಸಾವಿರಾರು ವಿನ್ಯಾಸಗಳನ್ನು ಕೈಬಿಟ್ಟು, ನಾಲ್ಕೇ ನಾಲ್ಕನ್ನು ಉಳಿಸಿಕೊಂಡ. ಬಟ್ಟೆಯನ್ನು ಇತರರಿಗೆ ಮಾರದೆ ತನ್ನ ಜಾಕೀಟುಗಳಿಗೆ ಮಾತ್ರ ಬಳಸಿದ. ಅವನೂ ಪುನರುಜ್ಜೀವನದ ಹೆಸರಿನಲ್ಲಿಯೇ ಹೊರಟವನು. ಜಾಕೀಟುಗಳು ಖರ್ಚಾಗದೆ ಉಳಿದವು, ಎಷ್ಟೋ ಮನೆಗಳ ಮಗ್ಗ ನಿಂತಿತು. 2007ರಲ್ಲಿ ಶಾಬೋಸ್ಟ್ ಎಂಬಲ್ಲಿ ಮುಚ್ಚಿದ್ದ ಬೇರೊಂದು ಮಿಲ್ಲನ್ನು ಇನ್ನೊಂದು ಪಂಗಡ ತೆರೆದು, ನೂರಾರು ತರಹದ ಗಿರಾಕಿಗಳನ್ನು ಹುಡುಕಿಕೊಂಡದ್ದರಿಂದ ಅವು ಮತ್ತೆ ಓಡಿದವು.

ನಮ್ಮ ಸೀರೆಗೆ ಈ ಎರಡು ದಾರಿಯೂ ತೆರೆದೇ ಇದೆ. ಪಟ್ಟಣದ ಪ್ರದರ್ಶನಗಳಲ್ಲಿ, ಶ್ರೀಮಂತರ ಕಪಾಟುಗಳಲ್ಲಿ ವರ್ಷಕ್ಕೊಮ್ಮೆ ಉಡುವ ಬಟ್ಟೆಯಾಗಿ ಅದು ಬದುಕಬಹುದು. ಬೆಲೆ ಏರಬೇಕಾದದ್ದೇ, ನೇಯುವವನಿಗೆ ಕೂಲಿ ಸಿಗದೆ ಸೀರೆ ಉಳಿಯಲಿ ಎನ್ನುವುದು ಕ್ರೌರ್ಯ. ಆದರೆ ಉಡುಪಿ ಸೀರೆ ಟೀಚರಮ್ಮಂದಿರ ಸೀರೆಯಾಗಿತ್ತು, ದಿನದಿನದ್ದಾಗಿತ್ತು. ಅದನ್ನು ಉಡುತ್ತಿದ್ದವರೇ ಉಡಲಾರದಂತಾದರೆ ಬದುಕಿದ್ದು ಯಾವುದು? ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಅಖಿಲ ಭಾರತ ಕರಕುಶಲ ಮಂಡಳಿಯನ್ನು 1952ರಿಂದ ನಡೆಸಿದ, ನಮ್ಮ ಮಂಗಳೂರಿನಲ್ಲಿಯೇ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರಂಥವರು ಆಯುಷ್ಯವನ್ನೇ ಕಳೆದ ಪ್ರಶ್ನೆಯನ್ನು ಒಂದು ವಾರದ ಲೇಖನದಲ್ಲಿ ಬಿಡಿಸುವ ಧೈರ್ಯ ನನಗಿಲ್ಲ.

ಕಾಪುವಿನ ಆಚೆ ಹಿರಿಯ ಶೆಟ್ಟಿಗಾರರೊಬ್ಬರಿದ್ದಾರೆ. ಮಗ್ಗ ಬಿಟ್ಟು ಹದಿನೈದು ವರ್ಷವಾಗಿದೆ. ಅವರಲ್ಲಿ ಹೋಗಿ, ಸೀರೆಗೆ ಈಗ ಬೇಡಿಕೆ ಬಂದಿದೆಯಂತೆ ಎಂದು ಉತ್ಸಾಹದಿಂದ ಹೇಳಿದೆ. ಅವರು ತುಳುವಿನಲ್ಲಿ ಕೇಳಿದ್ದು ಒಂದೇ ಮಾತು: "ಮಾಸ್ಟ್ರೇ, ಸೀರೆಗೆ ಎಷ್ಟು ಎಂಬುದು ಗೊತ್ತಾಯಿತು, ದಿನಕ್ಕೆ ಎಷ್ಟು ಬೀಳುತ್ತದೆ?" ನಾನು ಬೆಲೆಯನ್ನು ವಿಚಾರಿಸಿಕೊಂಡು ಹೋಗಿದ್ದೆ, ಕೂಲಿಯನ್ನು ವಿಚಾರಿಸಿರಲಿಲ್ಲ. ಅವರು ಮುಂದೆ ಕೇಳಲಿಲ್ಲ. ಸೊಸೆಯನ್ನು ಕರೆದು, "ಮಾಸ್ಟ್ರಿಗೆ ಚಾ ಕೊಡು" ಎಂದರು.

ಇಂಗ್ಲೆಂಡಿಗೆ ಹಿಂದಿರುಗುವ ಮೊದಲು ನನ್ನ ವಿದ್ಯಾರ್ಥಿ ತನ್ನ ಹೆಂಡತಿಗೆಂದು ಕಿನ್ನಿಗೋಳಿಯಿಂದ ಚೊಗರಿನ ಬಣ್ಣದ ಒಂದು ಸೀರೆ ತಂದಿದ್ದ. ನನ್ನ ತಾಯಿಗೆ ತೋರಿಸಲೆಂದು ಮನೆಗೆ ತಂದ. ತಾಯಿ ಕನ್ನಡಕ ಹಾಕಿಕೊಳ್ಳದೆ ಅಂಚನ್ನು ಬೆರಳುಗಳ ನಡುವೆ ಹಿಡಿದು ಸ್ವಲ್ಪ ಹೊತ್ತು ಉಜ್ಜಿದರು. ಆಮೇಲೆ, ಮೊದಲ ಸಲ ಒಗೆಯುವಾಗ ಬಿಸಿಲಿಗೆ ಹಾಕಬೇಡ, ನೆರಳಿನಲ್ಲಿ ಹರವು ಎಂದು ಅವಳಿಗೆ ಹೇಳಲು ತಿಳಿಸಿದರು.